ಪಾರ್ಕ್ ಕಟ್ಟಿ ಊರು ದಿವಾಳಿ ಮಾಡಬೇಡಿ: ಸಿಟೀಸ್ ಸ್ಕೈಲೈನ್ಸ್ ಆಡುವವರಿಗೆ

ಬೇಸಿಗೆ ರಜೆಗೆ ವಿಜಯಪುರದಿಂದ ಬಂದಿದ್ದ ಅಕ್ಕನ ಮಗ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. "ಮಾಮಾ, ರೊಕ್ಕ ಎಲ್ಲಾ ಖಾಲಿ ಆತು. ಊರಾಗ ಏನೂ ಕಟ್ಟಾಕ ಆಗವಲ್ದು" ಅಂದ. ಅವನು ಆಡುತ್ತಿದ್ದುದು ಸಿಟೀಸ್ ಸ್ಕೈಲೈನ್ಸ್, ಕಂಪ್ಯೂಟರಿನಲ್ಲಿ ಊರು ಕಟ್ಟಿ ನಡೆಸುವ ಆಟ. ನೋಡಿದರೆ ಸುಮಾರು 2,000 ಜನರ ಊರು, ಅದರಲ್ಲಿ 11 ಪಾರ್ಕು. "ಇಷ್ಟ್ಯಾಕ ಕಟ್ಟೀಯೋ?" ಅಂದೆ. "ಮಂದಿ ಕೇಳಿದ್ರು, ಕಟ್ಟಿದೆ" ಅಂದ.

ಇದೇ ತಪ್ಪನ್ನು ಗೆಳೆಯರು ಮಾಡಿದ್ದು ನೋಡಿದ್ದೇನೆ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಮಾಡಿದ್ದೂ ನೋಡಿದ್ದೇನೆ. ರಸ್ತೆ ಚೆನ್ನಾಗಿ ಹಾಕುತ್ತಾರೆ, ನೀರು ಕರೆಂಟು ಸರಿಯಾಗಿ ಕೊಡುತ್ತಾರೆ, ಪಾರ್ಕಿನ ವಿಷಯಕ್ಕೆ ಬಂದಾಗ ಎಡವುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವುದು 2015ರಲ್ಲಿ ಬಂದ ಮೊದಲನೇ ಸಿಟೀಸ್ ಸ್ಕೈಲೈನ್ಸ್ ಬಗ್ಗೆ. ಫಿನ್ಲೆಂಡಿನ ಕೊಲೊಸಲ್ ಆರ್ಡರ್ ಮಾಡಿದ ಆಟ. ಎರಡನೇ ಭಾಗ 2023ರಲ್ಲಿ ಬಂತು, ಆದರೆ ಅದಕ್ಕೆ ಭಾರೀ ಕಂಪ್ಯೂಟರ್ ಬೇಕು. ಕಲಿಯುವವರಿಗೆ ಮೊದಲನೆಯದೇ ಸಾಕು, ಅದೇ ಒಳ್ಳೆಯದು ಕೂಡ. ಮತ್ತೊಂದು ಮಾತು, ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟ ಕಳ್ಳ ಪ್ರತಿ ಹಾಕಿಕೊಳ್ಳಬೇಡಿ. ಅಳಿಯನ ಮೊದಲ ಊರು ಹೋಗಿದ್ದೇ ಹಾಗೆ, ಎರಡು ವಾರ ಆಡಿದ ಮೇಲೆ ಸೇವ್ ಫೈಲ್ ತೆರೆಯಲೇ ಇಲ್ಲ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಗಾಗ ರಿಯಾಯಿತಿ ಬರುತ್ತದೆ, ಕಾಯ್ದು ತಗೊಳ್ಳಿ.

ಹಂತ 1: ಮೊದಲು ಊರು ನಿಲ್ಲಲಿ

ಆಟ ಶುರುವಾದಾಗ ಕೈಯಲ್ಲಿ ಆಟದ ರೊಕ್ಕ 70,000 ಇರುತ್ತದೆ. ರಸ್ತೆ, ಕರೆಂಟು, ನೀರು, ಚರಂಡಿ, ಸ್ವಲ್ಪ ಮನೆ, ಸ್ವಲ್ಪ ಅಂಗಡಿ, ಸ್ವಲ್ಪ ಕಾರ್ಖಾನೆ. ಇಷ್ಟೇ. ಪಾರ್ಕಿನ ಯೋಚನೆ ಈಗ ಬೇಡ.

ಹಂತ 2: ತೆರಿಗೆ

ತೆರಿಗೆ ಶುರುವಿನಲ್ಲಿ ಶೇ 9 ಇರುತ್ತದೆ. ಬದಲಿಸುವ ಅವಕಾಶ ಸಿಕ್ಕ ಮೇಲೆ ಶೇ 29ರವರೆಗೂ ಎಳೆಯಬಹುದು, ಆದರೆ ಎಳೆಯಬೇಡಿ. ನಾನು 11ರ ಮೇಲೆ ಹೋಗುವುದಿಲ್ಲ.

ಹಂತ 3: ಪಾರ್ಕಿಗೆ ಎರಡು ಬೆಲೆ ಇದೆ, ಎರಡನೆಯದನ್ನು ಓದಿ

ಪಾರ್ಕಿನ ಚಿತ್ರದ ಮೇಲೆ ಮೌಸ್ ಇಟ್ಟರೆ ಎರಡು ಅಂಕಿ ಕಾಣುತ್ತವೆ. ಒಂದು ಕಟ್ಟುವ ಖರ್ಚು. ಇನ್ನೊಂದು ವಾರ ವಾರ ಅದನ್ನು ನೋಡಿಕೊಳ್ಳುವ ಖರ್ಚು. ಎಲ್ಲರೂ ಮೊದಲನೆಯದನ್ನು ನೋಡಿ, ಕೈಯಲ್ಲಿ ರೊಕ್ಕ ಇದೆ ಅಂತ ಕಟ್ಟಿಬಿಡುತ್ತಾರೆ. ಎಮ್ಮೆ ತರುವುದು ಒಂದು ದಿನದ ಖರ್ಚು, ಮೇವು ದಿನಾ ಬೇಕು ಅಲ್ವಾ? ಪಾರ್ಕೂ ಹಾಗೇ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗುತ್ತದೆ ಅಂತ, ನಕಾಶೆ ಹಾಕಿ ಸೆಕ್ಟರ್ ಸೆಕ್ಟರ್ ಆಗಿ ಕಟ್ಟಿದ ಊರು ಇದು. ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಏಪ್ರಿಲ್ ತಿಂಗಳ ಸಂಜೆ ಮಾಲಿ ಉದ್ದನೆಯ ಪೈಪು ಎಳೆದುಕೊಂಡು ಒಂದೊಂದು ಗಿಡದ ಬುಡಕ್ಕೂ ನೀರು ಬಿಡುತ್ತಾ ಹೋಗುತ್ತಾರೆ, ಬಿಸಿ ಮಣ್ಣಿಗೆ ನೀರು ಬಿದ್ದ ಕೂಡಲೇ ಹೀರಿಬಿಡುತ್ತದೆ, ಅವರು ಒಂದು ವಾರ ಬರದಿದ್ದರೆ ಹುಲ್ಲೆಲ್ಲ ಕಂದು ಬಣ್ಣ. ಆಟದಲ್ಲಿ ಆ ಎರಡನೇ ಅಂಕಿ ಅಂದರೆ ಈ ಮಾಲಿ, ಈ ಪೈಪು, ಈ ನೀರು. ಪಾರ್ಕು ಇರುವವರೆಗೂ ಅದು ನಿಲ್ಲುವುದಿಲ್ಲ.

ಹಂತ 4: ಎಲ್ಲಿ, ಯಾವಾಗ ಕಟ್ಟಬೇಕು

ಎಲ್ಲರೂ ಕೆಡಿಸುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಪರದೆಯ ಮೇಲೆ ಚಿರ್ಪರ್ ಅಂತ ಒಂದು ನೀಲಿ ಹಕ್ಕಿ ಇರುತ್ತದೆ. ಊರಿನ ಜನರ ಮಾತನ್ನು ತಂದು ಹೇಳುತ್ತದೆ. ಪಾರ್ಕ್ ಬೇಕು ಅಂತ ಒಬ್ಬರು ಹೇಳಿದ ಕೂಡಲೇ ಅಳಿಯ ಒಂದು ಕಟ್ಟಿದ, ಇನ್ನೊಬ್ಬರು ಹೇಳಿದರು, ಇನ್ನೊಂದು ಕಟ್ಟಿದ. ಹಕ್ಕಿಯ ಮಾತು ಕೇಳಿ ಪಾರ್ಕ್ ಕಟ್ಟಬೇಡಿ. ಮನೆಯನ್ನು ಕೇಳಿ ಕಟ್ಟಿ.

ಹೇಗೆ ಅಂದರೆ, ಒಂದು ಮನೆಯ ಮೇಲೆ ಕ್ಲಿಕ್ ಮಾಡಿ. ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಮನೆ ಎಷ್ಟನೇ ಲೆವೆಲ್ಲಿನಲ್ಲಿದೆ ಅಂತ ಇರುತ್ತದೆ. ಮನೆಗಳು 1ರಿಂದ 5ರವರೆಗೆ ಏರುತ್ತವೆ. ಕೆಳಗೆ ಎರಡು ಪಟ್ಟಿ ತುಂಬುತ್ತಿರುತ್ತವೆ. ಒಂದು ವಿದ್ಯೆ, ಇನ್ನೊಂದು ಜಾಗದ ಬೆಲೆ. ಎರಡೂ ತುಂಬಿದರೆ ಮಾತ್ರ ಮನೆ ಮೇಲಿನ ಲೆವೆಲ್ಲಿಗೆ ಹೋಗುತ್ತದೆ, ಆಗ ಅಲ್ಲಿಂದ ಬರುವ ತೆರಿಗೆಯೂ ಜಾಸ್ತಿ ಆಗುತ್ತದೆ. ಪಾರ್ಕು ತುಂಬುವುದು ಎರಡನೇ ಪಟ್ಟಿಯನ್ನು ಮಾತ್ರ.

ಅಳಿಯನ ಊರಿನಲ್ಲಿ ಒಂದು ಮನೆ ಒತ್ತಿ ನೋಡಿದೆವು. ಜಾಗದ ಬೆಲೆಯ ಪಟ್ಟಿ ಪೂರ್ತಿ ತುಂಬಿತ್ತು. ವಿದ್ಯೆಯ ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ. ಪಕ್ಕದ ಮನೆ ನೋಡಿದೆವು, ಅದೂ ಹಾಗೇ. ಇಡೀ ಓಣಿ ಹಾಗೇ. ಊರಿಗೆಲ್ಲ ಒಂದೇ ಪ್ರಾಥಮಿಕ ಶಾಲೆ, ಅದೂ ಒಂದು ಮೂಲೆಯಲ್ಲಿ. ಅಂದರೆ ಅವನು ಕಟ್ಟಿದ ಪಾರ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾರ್ಕಿನಿಂದ ಊರಿಗೆ ಒಂದು ಪೈಸೆ ವಾಪಸ್ ಬರುತ್ತಿರಲಿಲ್ಲ, ಖರ್ಚು ಮಾತ್ರ ವಾರ ವಾರ ಹೋಗುತ್ತಿತ್ತು. 7 ಪಾರ್ಕು ತೆಗೆದೆವು, ಊರ ನಡುವೆ ಶಾಲೆ ಕಟ್ಟಿದೆವು. ಮಕ್ಕಳು ಓದಿ ಮುಗಿಸುವವರೆಗೆ ಕಾಯಬೇಕಾಯಿತು, ಆದರೆ ಆಮೇಲೆ ಓಣಿ ಓಣಿಯೇ ಏರತೊಡಗಿತು.

ಹಾಗಾಗಿ ನಿಯಮ ಇದು. ವಿದ್ಯೆ ತುಂಬಿ, ಜಾಗದ ಬೆಲೆ ಮಾತ್ರ ಸಾಲದೆ ನಿಂತ ಮನೆಗಳು ಎಲ್ಲಿ ಜಾಸ್ತಿ ಇವೆಯೋ ಅಲ್ಲಿ ಪಾರ್ಕು. ನಾಲ್ಕೈದು ಮನೆ ಒತ್ತಿ ನೋಡಿದರೆ ಗೊತ್ತಾಗುತ್ತದೆ, ಒಂದು ನಿಮಿಷದ ಕೆಲಸ.

ಜಾಗ ಗೊತ್ತಾದ ಮೇಲೆ ಸ್ಪೇಸ್ ಒತ್ತಿ ಆಟ ನಿಲ್ಲಿಸಿ. ಪಾರ್ಕು ಕೈಗೆ ತಗೊಂಡು ರಸ್ತೆ ಪಕ್ಕ ಹಿಡಿದರೆ ಸುತ್ತಲಿನ ರಸ್ತೆಗಳು ಹಸಿರಾಗುತ್ತವೆ. ಅಲ್ಲಿಯವರೆಗೆ ಅದರ ಪರಿಣಾಮ ಮುಟ್ಟುತ್ತದೆ ಅಂತ ಅರ್ಥ. ಸುಮ್ನೆ ಒಂದು ಕಡೆ ಇಟ್ಟು ಬಿಡಬೇಡಿ, ಈ ಮೂಲೆ ಆ ಮೂಲೆ ಸರಿಸಿ ನೋಡಿ. ಊರಿನ ಅಂಚಿಗೆ ಇಟ್ಟರೆ ಅರ್ಧ ಹಸಿರು ಬಯಲಿಗೆ ಹೋಗುತ್ತದೆ. ನನ್ನ ಪ್ರಕಾರ ಬಹಳ ಒಳ್ಳೆಯ ಜಾಗ ಅಂದರೆ ಮನೆಗಳು ಮುಗಿದು ಅಂಗಡಿಗಳು ಶುರುವಾಗುವ ಗಡಿ. ಯಾಕೆಂದರೆ ಅಂಗಡಿ ಲೆವೆಲ್ ಏರುವುದಕ್ಕೂ ಜಾಗದ ಬೆಲೆ ಬೇಕು, ಒಂದೇ ಪಾರ್ಕು ಎರಡೂ ಕಡೆ ದುಡಿಯುತ್ತದೆ. ಕಾರ್ಖಾನೆ ಪಕ್ಕ ಮಾತ್ರ ಬೇಡವೇ ಬೇಡ. ಅಲ್ಲಿ ವಾಸ ಮಾಡುವವರಿಲ್ಲ, ಮಣ್ಣು ಕೆಟ್ಟಿರುತ್ತದೆ.

ಕಟ್ಟಿದ ಮೇಲೆ ಮನೆಗಳ ಮೇಲೆ ಹಸಿರು ನಗುಮುಖಗಳು ಏಳುತ್ತವೆ. ಚೆಂದ ಕಾಣುತ್ತದೆ, ಖುಷಿ ಆಗುತ್ತದೆ, ಆ ಖುಷಿಯಲ್ಲೇ ಇನ್ನೊಂದು ಕಟ್ಟಬೇಡಿ! ಕೆಳಗಿನ ಪಟ್ಟಿಯಲ್ಲಿ ವಾರದ ಆದಾಯ ಕಾಣುತ್ತಿರುತ್ತದೆ, ಪಾರ್ಕು ಕಟ್ಟುವ ಮೊದಲು ಅದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡಿರಿ. ಕಟ್ಟಿದ ಕೂಡಲೇ ಆ ಅಂಕಿ ಇಳಿಯುತ್ತದೆ. ಹೆದರಬೇಡಿ, ಆಟ ಓಡಲಿ. ಮನೆಗಳು ಏರಿದಂತೆ ಅಂಕಿಯೂ ಏರುತ್ತದೆ. ಮೊದಲು ಬರೆದ ಅಂಕಿಯನ್ನು ದಾಟಿದ ಮೇಲೆ ಮಾತ್ರ ಮುಂದಿನ ಪಾರ್ಕು. ದಾಟಲೇ ಇಲ್ಲವಾದರೆ ಜಾಗ ತಪ್ಪಿದೆ, ಮತ್ತೆ ಮನೆ ಒತ್ತಿ ನೋಡಿ.

ಕಾಗದ ಯಾಕೆ, ನೆನಪಿರುತ್ತದೆ ಅಂತ ಹುಡುಗರು ಹೇಳುತ್ತಾರೆ. ಇರುವುದಿಲ್ಲ, ಬರೆಯಿರಿ.

ಇನ್ನೊಂದು ಎಚ್ಚರಿಕೆ. ರೊಕ್ಕ ಕಡಿಮೆ ಆಯಿತು ಅಂತ ಹಳೆಯ ಪಾರ್ಕು ಕೆಡವಲು ಹೋಗುತ್ತಾರೆ. ಅಳಿಯನ ಊರಿನಲ್ಲಿ ಕೆಡವಿದ್ದು ಸರಿ ಹೋಯಿತು, ಯಾಕೆಂದರೆ ಅವನ ಮನೆಗಳು ಇನ್ನೂ ಏರಿರಲೇ ಇಲ್ಲ. ಆದರೆ ಮನೆಗಳು 4, 5ನೇ ಲೆವೆಲ್ಲಿಗೆ ಹೋದ ಓಣಿಯಲ್ಲಿ ಪಾರ್ಕು ತೆಗೆದರೆ, ಜಾಗದ ಬೆಲೆ ಸಾಲದು ಅಂತ ಮನೆಗಳ ಮೇಲೆ ಚಿಹ್ನೆ ಬರಬಹುದು. ಆಮೇಲೆ ಜನ ಮನೆ ಬಿಟ್ಟು ಹೋಗುತ್ತಾರೆ, ತೆರಿಗೆಯೂ ಹೋಗುತ್ತದೆ. ಅದಕ್ಕೇ ಕಟ್ಟುವಾಗಲೇ ಇಷ್ಟು ಯೋಚನೆ ಮಾಡಿ ಅಂತ ಹೇಳುವುದು.

ಹಂತ 5: ಬಜೆಟ್ ಪಟ್ಟಿ ಮುಟ್ಟಬೇಡಿ

ಬಜೆಟ್ ಕಿಟಕಿಯಲ್ಲಿ ಪ್ರತಿ ಇಲಾಖೆಗೂ ಶೇ 50ರಿಂದ ಶೇ 150ರವರೆಗೆ ಸರಿಸುವ ಪಟ್ಟಿ ಇರುತ್ತದೆ. ಪಾರ್ಕಿನದನ್ನು 50ಕ್ಕೆ ಇಳಿಸಿದರೆ ಅರ್ಧ ರೊಕ್ಕ ಉಳಿಯಿತು, ಅರ್ಧ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. 50ಕ್ಕೆ ಇಳಿಸಿದರೆ ಸಿಗುವ ಪರಿಣಾಮ ಸುಮಾರು ಕಾಲು ಭಾಗ ಮಾತ್ರ. 150ಕ್ಕೆ ಏರಿಸಿದರೂ ಒಂದೂವರೆ ಪಟ್ಟು ಸಿಗುವುದಿಲ್ಲ, ಒಂದೂಕಾಲು ಅಷ್ಟೇ. ಅಂದರೆ ಕಡಿಮೆ ಮಾಡಿದರೂ ನಷ್ಟ, ಜಾಸ್ತಿ ಮಾಡಿದರೂ ನಷ್ಟ. 100ಕ್ಕೇ ಬಿಡಿ. ರೊಕ್ಕ ಉಳಿಸಲೇಬೇಕು ಅಂದರೆ ಕರೆಂಟಿನ ಕಡೆ ನೋಡಿ, ಊರಿಗೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ ತಯಾರಾಗುತ್ತಿದ್ದರೆ ಅಲ್ಲಿ ಸ್ವಲ್ಪ ಇಳಿಸಬಹುದು.

ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಅಂತ ಒಂದು ಪಾಲಿಸಿಯೂ, ಅಂದರೆ ಊರಿಗೆ ನೀವು ಹಾಕಬಹುದಾದ ನಿಯಮವೂ ಇದೆ. ಪಾರ್ಕಿನ ಪರಿಣಾಮ ಹೆಚ್ಚಿಸುತ್ತದೆ, ಖರ್ಚನ್ನೂ ಹೆಚ್ಚಿಸುತ್ತದೆ. ಊರು ಚಿಕ್ಕದಿರುವಾಗ ಬೇಡ.

ಗಿಡ ನೆಡುವುದನ್ನು ಮಾತ್ರ ಧಾರಾಳವಾಗಿ ಮಾಡಿ. ಒಮ್ಮೆ ನೆಟ್ಟರೆ ವಾರದ ಖರ್ಚಿಲ್ಲ, ರಸ್ತೆಯ ಗದ್ದಲವನ್ನು ಕಡಿಮೆ ಮಾಡುತ್ತದೆ. ಗದ್ದಲದಿಂದ ಆಟದ ಜನರಿಗೆ ಕಾಯಿಲೆ ಬರುತ್ತದೆ, ಅದರ ಖರ್ಚು ಆಸ್ಪತ್ರೆ ಮೇಲೆ ಬೀಳುತ್ತದೆ. ಹೆದ್ದಾರಿ ಮತ್ತು ಮನೆಗಳ ನಡುವೆ ಎರಡು ಸಾಲು ದಟ್ಟವಾಗಿ ನೆಡಿ. ಗಿಡ ಪಾರ್ಕಿನ ಬದಲಿ ಅಲ್ಲ, ಆದರೆ ಕೈ ಬಿಗಿ ಇದ್ದಾಗ ಬಹಳ ಉಪಯೋಗ.

ಅಡ್ಡದಾರಿ ಕೇಳುವವರೂ ಇದ್ದಾರೆ. ಆಟದಲ್ಲೇ ಅನ್‌ಲಿಮಿಟೆಡ್ ಮನಿ ಅಂತ ಒಂದು ಮಾಡ್ (ಆಟದ ನಿಯಮ ಬದಲಿಸುವ ಸೇರ್ಪಡೆ) ಇದೆ, ಹಾಕಿದರೆ ರೊಕ್ಕ ಮುಗಿಯುವುದೇ ಇಲ್ಲ. ಚಿತ್ರದ ಹಾಗೆ ಊರು ಬಿಡಿಸುವ ಆಸೆ ಇದ್ದರೆ ಹಾಕಿಕೊಳ್ಳಿ. ಆಟ ಕಲಿಯಬೇಕು ಅಂದರೆ ಹಾಕಬೇಡಿ, ಎಲ್ಲಿ ತಪ್ಪಾಯಿತು ಅಂತ ಗೊತ್ತೇ ಆಗುವುದಿಲ್ಲ. ಇನ್ನು ಮೊಬೈಲಿನಲ್ಲಿ ಪುಕ್ಕಟೆ ಅಂತ ಸಿಗುವ ಕೆಲವು ಊರು ಕಟ್ಟುವ ಆಟಗಳಿವೆ. ಒಂದು ಪಾರ್ಕು ಬೇಕಾದರೆ ಗಂಟೆಗಟ್ಟಲೆ ಕಾಯಬೇಕು, ಇಲ್ಲದಿದ್ದರೆ ನಿಜವಾದ ರೊಕ್ಕ ಕೊಟ್ಟು ವಜ್ರ ಕೊಳ್ಳಬೇಕು. ಮಕ್ಕಳ ಕೈಗೆ ಅಂಥದ್ದನ್ನು ಕೊಡಬೇಡಿ.

ಹಂತ 6: ದೊಡ್ಡ ಪಾರ್ಕು

ವಾರದ ಆದಾಯ ಗಟ್ಟಿಯಾದ ಮೇಲೆ ಇದಕ್ಕೆ ಕೈ ಹಾಕಿ. 2018ರಲ್ಲಿ ಪಾರ್ಕ್‌ಲೈಫ್ ಅಂತ ಹೆಚ್ಚುವರಿ ಭಾಗ ಬಂತು, ಬೇರೆ ರೊಕ್ಕ ಕೊಟ್ಟು ತಗೊಳ್ಳಬೇಕು. ಹೆಚ್ಚುವರಿ ಭಾಗಗಳು ರಾಶಿ ಇವೆ, ಎಲ್ಲ ಕೊಳ್ಳುವ ಅಗತ್ಯ ಇಲ್ಲ. ಒಂದೇ ತಗೊಳ್ಳುವುದಾದರೆ ಇದನ್ನು ತಗೊಳ್ಳಿ ಅನ್ನುವುದು ನನ್ನ ಮಾತು.

ಇದರಲ್ಲಿ ಬ್ರಷ್ ಹಿಡಿದು ಬಣ್ಣ ಬಳಿದ ಹಾಗೆ ನೆಲದ ಮೇಲೆ ಪಾರ್ಕಿನ ಗಡಿ ನೀವೇ ಎಳೆಯಬಹುದು. ಬೆಳಗಾವಿಯ ಕೋಟೆ ಕೆರೆಯಂಥ ನೀರಿನ ದಂಡೆ ನಿಮ್ಮ ನಕಾಶೆಯಲ್ಲಿ ಸಿಕ್ಕರೆ ಅದನ್ನೇ ಹಿಡಿಯಿರಿ, ಕಾಲುದಾರಿ ಬಹಳ ಚೆಂದ ಬರುತ್ತದೆ. ಮಾಮೂಲಿ ಪಾರ್ಕಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಇಲ್ಲಿ ಟಿಕೆಟ್ ಇಡಬಹುದು. ಶುರುವಿಗೇ ದರ ಏರಿಸಬೇಡಿ. ಈ ಪಾರ್ಕಿಗೂ ಲೆವೆಲ್ ಇದೆ, ಅದು ಏರುವುದು ಬಂದು ಹೋಗುವ ಜನರಿಂದ ಮತ್ತು ಒಳಗೆ ಇರುವ ಮನರಂಜನೆಯಿಂದ. ಮೊದಲು ಜನ ಬರುವ ರೂಢಿ ಆಗಲಿ, ಲೆವೆಲ್ ಏರಿದ ಹಾಗೆ ದರವನ್ನು ಸ್ವಲ್ಪ ಸ್ವಲ್ಪ ಏರಿಸಿ, ಪ್ರತಿ ಸಲ ಜನ ಕಡಿಮೆಯಾದರಾ ಅಂತ ನೋಡಿ.

ಮುಖ್ಯ ಗೇಟು ರಸ್ತೆಗೆ ತಾಗಿರಬೇಕು, ಒಳಗಿನ ಕಾಲುದಾರಿ ಆ ಗೇಟಿಗೆ ಕೂಡಿರಬೇಕು, ಅಂಗಡಿ, ಆಟದ ಜಾಗ ಎಲ್ಲ ಆ ಕಾಲುದಾರಿಗೆ ಕೂಡಿರಬೇಕು. ಜನ ಬರುತ್ತಿಲ್ಲ ಅಂತ ಅಳಿಯ ಮೊನ್ನೆ ವಿಜಯಪುರದಿಂದ ಫೋನ್ ಮಾಡಿದ್ದ. ದಾರಿ ಗೇಟಿಗೆ ಒಂದು ಗೇಣು ಮೊದಲೇ ನಿಂತಿತ್ತು.