ನಿಂತ ನೀರಿನ ಪಾಠ: ಫಾಕ್ಸ್‌ಟನ್ ಲಾಕ್‌ಗಳಲ್ಲಿ ಮಕ್ಕಳೊಂದಿಗೆ

ಇಂಗ್ಲೆಂಡಿನ ಲೆಸ್ಟರ್‌ಷೈರ್‌ನಲ್ಲಿರುವ ಫಾಕ್ಸ್‌ಟನ್ ಲಾಕ್‌ಗಳಿಗೆ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಳಿಸುವ ಗೇಟುಳ್ಳ ತೊಟ್ಟಿಗಳಿಗೆ) ಪ್ರವಾಸ ಬರುವ ಶಾಲಾ ಮಕ್ಕಳಿಗೆ ಕಾಲುವೆಯ ಕಥೆಯನ್ನೂ ಅದರ ತಂತ್ರವನ್ನೂ ಹೇಳಿಕೊಡುವ ಸ್ವಯಂಸೇವಕನಾಗಿ ನಾನು ಕೆಲವು ವರ್ಷಗಳಿಂದ ದುಡಿಯುತ್ತಿದ್ದೇನೆ. ಬರುವವರು ಹೆಚ್ಚಾಗಿ ಏಳರಿಂದ ಹನ್ನೊಂದು ವರ್ಷದೊಳಗಿನ ಪ್ರಾಥಮಿಕ ಶಾಲೆಯ ಮಕ್ಕಳು. ಈ ಕೆಲಸಕ್ಕೆ ಸೇರಲು ಇತಿಹಾಸದ ಪದವಿ ಬೇಕಿಲ್ಲ. ಮಕ್ಕಳ ನಡುವೆ ಕೆಲಸ ಮಾಡುವವರ ಹಿನ್ನೆಲೆಯನ್ನು ನೋಡುವ ಡಿಬಿಎಸ್ ಪರಿಶೀಲನೆ ಮುಗಿಯಬೇಕು, ಒಂದಿಷ್ಟು ತರಬೇತಿ ಆಗಬೇಕು, ಮತ್ತು ತುಂತುರು ಮಳೆಯಲ್ಲಿ ನಿಂತುಕೊಂಡೇ ನಗುನಗುತ್ತಾ ಮಾತನಾಡುವ ತಾಳ್ಮೆ ಇರಬೇಕು.

ಮಂಡ್ಯದ ಕಡೆಯವನಾದ ನನಗೆ ಕಾಲುವೆಯೆಂದರೆ ವಿಶ್ವೇಶ್ವರಯ್ಯ ನಾಲೆ. ಅಲ್ಲಿ ನೀರು ಹರಿದರೆ ಭತ್ತ ಮತ್ತು ಕಬ್ಬು, ನಿಂತರೆ ರೈತರ ಪ್ರತಿಭಟನೆ. ಸರಕು ಸಾಗಿಸಲೆಂದು ತೋಡಿದ ಇಂಗ್ಲೆಂಡಿನ ಕಾಲುವೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಇಲ್ಲಿ ನೀರು ಆದಷ್ಟೂ ನಿಂತಿರಬೇಕು. ದೋಣಿಯೊಂದು ಗುಡ್ಡ ಹತ್ತಿ ಇಳಿಯುವಾಗಲೆಲ್ಲ ಮೇಲಿನ ನೀರು ಕೆಳಕ್ಕೆ ಖರ್ಚಾಗುತ್ತದೆ, ಆ ಖರ್ಚನ್ನು ತುಂಬಿಕೊಡಲು ಮೇಲೆಲ್ಲೋ ಜಲಾಶಯ ಇರಬೇಕಾಗುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಹತ್ತಿದ ಮೇಲೆ ನನ್ನ ಇಡೀ ಪಾಠವನ್ನು ಒಂದೇ ಪ್ರಶ್ನೆಯ ಸುತ್ತ ಕಟ್ಟಿಕೊಂಡೆ: ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಫಾಕ್ಸ್‌ಟನ್‌ನಲ್ಲಿ ಐದೈದರ ಎರಡು ಗುಂಪುಗಳಾಗಿ ಹತ್ತು ಲಾಕ್‌ಗಳು ಮೆಟ್ಟಿಲಿನಂತೆ ಒಂದರ ಮೇಲೊಂದಿವೆ. ಒಂದು ಗುಂಪಿನೊಳಗೆ ಕೆಳಗಿನ ತೊಟ್ಟಿಯ ಮೇಲಿನ ಗೇಟೇ ಮೇಲಿನ ತೊಟ್ಟಿಯ ಕೆಳಗಿನ ಗೇಟು. 1814ರಲ್ಲಿ ತೆರೆದ ಈ ಲಾಕ್‌ಗಳು ಏಳು ಅಡಿ ಅಗಲದ ದೋಣಿಯನ್ನು 75 ಅಡಿ ಮೇಲಕ್ಕೆ ಏರಿಸುತ್ತವೆ. ಅದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ದೊಡ್ಡವರಿಗೆ ಇದು ದೀರ್ಘವೆನಿಸಬಹುದು, ಆದರೆ ಪಾಠ ಮಾಡುವವನಿಗೆ ಈ ನಿಧಾನವೇ ಅನುಕೂಲ, ಏಕೆಂದರೆ ಪ್ರತಿ ಹಂತದಲ್ಲೂ ಮಕ್ಕಳಿಗೆ ಊಹಿಸಲು ಸಮಯ ಸಿಗುತ್ತದೆ.

ತೊಟ್ಟಿಯೊಂದು ಖಾಲಿಯಾದಾಗ ಅದರ ನೀರು ನೇರವಾಗಿ ಕೆಳಗಿನ ತೊಟ್ಟಿಗೆ ಬೀಳುವುದೆಂದು ಮಕ್ಕಳೆಲ್ಲ ಹೇಳುತ್ತಾರೆ. ಹಾಗಾಗುವುದಿಲ್ಲ. ನೆಲದಡಿಯ ಮೋರಿಯ ಮೂಲಕ ಅದು ಪಕ್ಕದ ಕೊಳಕ್ಕೆ ಹೋಗುತ್ತದೆ. ಆ ಕೊಳದಿಂದ ಕೆಳಗಿನ ತೊಟ್ಟಿ ತುಂಬುತ್ತದೆ. ಇದಕ್ಕೆಂದು ಪ್ರತಿ ಹಂತದಲ್ಲೂ ಎರಡು ತೂಬುಗಳಿವೆ. ಕೆಂಪು ಬಣ್ಣದ್ದು ಕೊಳದ ನೀರನ್ನು ಕೆಳಗಿನ ತೊಟ್ಟಿಗೆ ಬಿಡುತ್ತದೆ, ಬಿಳಿಯದು ಮೇಲಿನ ತೊಟ್ಟಿಯ ನೀರನ್ನು ಕೊಳಕ್ಕೆ ಬಿಡುತ್ತದೆ. ಕೆಂಪನ್ನು ಮೊದಲು ಎತ್ತಿದರೆ ಕೊಳದಲ್ಲಿ ಜಾಗವಾಗುತ್ತದೆ. ಬಿಳಿಯನ್ನು ಮೊದಲು ಎತ್ತಿದರೆ ಕೊಳ ಉಕ್ಕಿ ದಾರಿಯ ಮೇಲೆ ಹರಿಯುತ್ತದೆ. ಈ ಕ್ರಮವನ್ನು ನೆನಪಿಡಲು ದೋಣಿಯವರ ಪ್ರಾಸವೊಂದು ಇಂಗ್ಲಿಷಿನಲ್ಲಿ ಇದೆ. ಮಕ್ಕಳು ಅದನ್ನು ಒಂದೇ ಸಲಕ್ಕೆ ಕಲಿತುಬಿಡುತ್ತಾರಾದರೂ ಕಾರಣ ಮಾತ್ರ ಹೊಳೆದಿರುವುದಿಲ್ಲ. ಆದ್ದರಿಂದ ಪ್ರಾಸವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಅರ್ಧ ಮಕ್ಕಳನ್ನು ಕೊಳದ ಕಡೆಗೂ ಉಳಿದರ್ಧವನ್ನು ತೊಟ್ಟಿಯ ಕಡೆಗೂ ತಿರುಗಿಸಿ ನಿಲ್ಲಿಸುತ್ತೇನೆ. ಲಾಕ್‌ಕೀಪರ್ ಕೆಂಪು ತೂಬನ್ನು ತಿರುಗಿಸಿದಾಗ ಕೊಳದ ಮೇಲಿನ ಎಲೆಗಳು ಮೆಲ್ಲಗೆ ಒಂದೇ ದಿಕ್ಕಿಗೆ ಸರಿಯತೊಡಗುತ್ತವೆ, ಅತ್ತ ತೊಟ್ಟಿಯ ಒದ್ದೆ ಇಟ್ಟಿಗೆಗಳು ಒಂದೊಂದೇ ಸಾಲಾಗಿ ಮುಳುಗುತ್ತವೆ. ಎರಡೂ ಗುಂಪುಗಳು ತಾವು ಕಂಡದ್ದನ್ನು ಕೂಗಿ ಹೇಳಿಕೊಂಡಾಗ ನೀರಿನ ದಾರಿಯನ್ನು ನಾನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಗೇಟಿನ ವಿಷಯದಲ್ಲೂ ಹೀಗೆಯೇ. ಎರಡೂ ಕಡೆಯ ನೀರಿನ ಮಟ್ಟ ಸಮನಾಗುವ ಮುನ್ನ ಗೇಟಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಲು ಲಾಕ್‌ಕೀಪರ್‌ನ ಕಣ್ಗಾವಲಿನಲ್ಲಿ ಮಕ್ಕಳಿಗೆ ಬಿಡುತ್ತೇವೆ; ಎಷ್ಟು ಜನ ಸೇರಿದರೂ ಅದು ಅಲುಗುವುದಿಲ್ಲ. ಮಟ್ಟ ಸಮನಾದೊಡನೆ ಇಬ್ಬರ ಬಲಕ್ಕೇ ಅದು ಸರಿಯುತ್ತದೆ. ನೀರಿನ ಒತ್ತಡದ ಬಗ್ಗೆ ಪಟ ಬರೆದು ಹೇಳುವುದಕ್ಕಿಂತ ಬೆನ್ನಿಗೆ ತಾಗಿದ ಈ ಪಾಠ ಹೆಚ್ಚು ಗಟ್ಟಿ ಎಂದು ನನ್ನ ಅಭಿಪ್ರಾಯ.

ಅಂಚಿನಿಂದ ದೂರವಿರಿ ಎಂಬ ಸುರಕ್ಷತೆಯ ಮಾತನ್ನು ಬಸ್ಸಿನಿಂದ ಇಳಿದ ಕೂಡಲೇ ಹೇಳಬೇಕೆಂಬುದು ನಿಯಮ, ಹೇಳುತ್ತೇವೆ. ಆದರೆ ಆಗ ಅದು ಮಕ್ಕಳಿಗೆ ಬರಿಯ ಗದರಿಕೆಯಾಗಿ ಕೇಳಿಸುತ್ತದೆ. ಖಾಲಿ ತೊಟ್ಟಿಯನ್ನು ಬೇಲಿಯ ಈಚೆಯಿಂದ ನೋಡುವಾಗ, ಇದರೊಳಗೆ ಬಿದ್ದವನು ಈ ಪಾಚಿಗಟ್ಟಿದ ಗೋಡೆಯಲ್ಲಿ ಎಲ್ಲಿ ಹಿಡಿದುಕೊಳ್ಳಬಲ್ಲ ಎಂದು ಕೇಳಿದರೆ ಅವರೇ ಹುಡುಕುತ್ತಾರೆ, ಏಣಿಯ ಹೊರತು ಬೇರೇನೂ ಸಿಗುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ ಮೂವತ್ತು ಜನ ತೀರಿಕೊಂಡದ್ದನ್ನು ಮರೆಯದ ನಾನು ಈ ಭಾಗವನ್ನು ಎಂದೂ ಅವಸರದಲ್ಲಿ ಮುಗಿಸುವುದಿಲ್ಲ. ಆ ಸುದ್ದಿಯನ್ನಂತೂ ಮಕ್ಕಳ ಮುಂದೆ ಎತ್ತುವುದಿಲ್ಲ.

ದೋಣಿಯವರ ಬದುಕನ್ನು ಹೇಳಲು ಒಂದು ಹಗ್ಗ ಸಾಕು. ಹುಲ್ಲಿನ ಮೇಲೆ ದೋಣಿಯ ಕೋಣೆಯ ಅಳತೆಗೆ, ಸುಮಾರು ಏಳು ಅಡಿ ಅಗಲ, ಎಂಟೊಂಬತ್ತು ಅಡಿ ಉದ್ದದ ಚೌಕವನ್ನು ಹಗ್ಗದಿಂದ ಹಾಕಿ, ಒಂದು ಮೂಲೆಯಲ್ಲಿ ಒಲೆ, ಅಡ್ಡಲಾಗಿ ಹಾಸಿಗೆ ಎಂದು ಗುರುತು ಮಾಡುತ್ತೇನೆ. ತಂದೆ ತಾಯಿ ಮತ್ತು ನಾಲ್ಕು ಮಕ್ಕಳು ಈ ಕೋಣೆಯಲ್ಲೇ ಇರಬೇಕೆಂದಾಗ ಮೊದಲು ನಗು, ಆಮೇಲೆ ಮೊಣಕೈ ತಾಗಿದ ದೂರು. ದೋಣಿ ನಿಲ್ಲದೆ ಸಾಗುತ್ತಿದ್ದುದರಿಂದ ಆಗಿನ ದೋಣಿಯ ಮಕ್ಕಳಲ್ಲಿ ಬಹುಪಾಲು ಶಾಲೆಯ ಮುಖ ಕಂಡಿರಲಿಲ್ಲ ಎಂದರೆ ಕೆಲವರಿಗೆ ಅಸೂಯೆಯೂ ಆಗುತ್ತದೆ! ಇದೇ ಜಿಲ್ಲೆಯ ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬುವರು ಅವರ ಪರವಾಗಿ ಹೋರಾಡಿದರು. 1877ರ ಕಾಯಿದೆ ದೋಣಿಗಳ ನೋಂದಣಿಯನ್ನೂ ಒಳಗೆ ಎಷ್ಟು ಜನ ವಾಸಿಸಬಹುದೆಂಬ ಮಿತಿಯನ್ನೂ ತಂದಿತು, 1884ರಲ್ಲಿ ಅದನ್ನು ಬಿಗಿಗೊಳಿಸಿದರು.

ಕೊನೆಯಲ್ಲಿ ಗುಡ್ಡದ ಇಳಿಜಾರಿಗೆ ಕರೆದೊಯ್ಯುತ್ತೇನೆ. ಲಾಕ್‌ಗಳ ತಡವನ್ನೂ ನೀರಿನ ಖರ್ಚನ್ನೂ ತಪ್ಪಿಸಲೆಂದು ಗಾರ್ಡನ್ ಥಾಮಸ್ ಎಂಬ ಎಂಜಿನಿಯರ್ ವಿನ್ಯಾಸಗೊಳಿಸಿದ ದೋಣಿ ಏರಿಳಿಸುವ ಇಳಿಜಾರು ಹಳಿ 1900ರಲ್ಲಿ ಇಲ್ಲಿ ಶುರುವಾಯಿತು. ದೋಣಿಗಳನ್ನು ತೇಲಿಸಿಕೊಂಡ, ನೀರು ತುಂಬಿದ ಎರಡು ದೊಡ್ಡ ತೊಟ್ಟಿಗಳು ಒಂದಕ್ಕೊಂದು ತೂಕ ಸರಿದೂಗಿಸಿಕೊಂಡು ಹಳಿಯ ಮೇಲೆ ಏರಿಳಿಯುತ್ತಿದ್ದವು. ಉಗಿಯಂತ್ರ ಸ್ವಲ್ಪ ಬಲ ಕೊಟ್ಟರೆ ಸಾಕಿತ್ತು. ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು, ನೀರೂ ಉಳಿಯುತ್ತಿತ್ತು. ಆದರೂ ಹತ್ತು ಹನ್ನೊಂದು ವರ್ಷಗಳಲ್ಲೇ ಅದರ ದಿನನಿತ್ಯದ ಬಳಕೆ ನಿಂತುಹೋಯಿತು, 1928ರಲ್ಲಿ ಗುಜರಿಗೆ ಮಾರಿದರು. ಈಗ ಅದರ ಬಾಯ್ಲರ್ ಮನೆಯ ಜಾಗದಲ್ಲಿ ವಸ್ತುಸಂಗ್ರಹಾಲಯವಿದೆ.

ಇಷ್ಟು ಒಳ್ಳೆಯ ಯಂತ್ರವನ್ನು ಏಕೆ ಬಿಟ್ಟರು ಎಂದು ಮಕ್ಕಳು ಕೇಳುವವರೆಗೆ ಕಾಯುತ್ತೇನೆ. ಬಳಿಕ ಮೂರು ಸುಳಿವು ಕೊಡುತ್ತೇನೆ: ಇದೇ ದಾರಿಯ ವಾಟ್‌ಫರ್ಡ್ ಲಾಕ್‌ಗಳನ್ನು ಅಗಲ ಮಾಡದ್ದರಿಂದ ಅಗಲದ ದೋಣಿಗಳು ಈ ದಾರಿಯಲ್ಲಿ ಸಾಗುವಂತಿರಲಿಲ್ಲ, ದೋಣಿ ಬಂದರೂ ಬಾರದಿದ್ದರೂ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಲೇ ಇರಬೇಕಿತ್ತು, ಅಷ್ಟರಲ್ಲಿ ಸರಕೆಲ್ಲ ರೈಲಿನ ಪಾಲಾಗಿತ್ತು. ನೀರು ಉಳಿಸಲು ಹೋಗಿ ಕಲ್ಲಿದ್ದಲು ಸುಟ್ಟರು ಎಂದು ಒಬ್ಬ ಹುಡುಗ ಅಂದದ್ದು ನನಗೆ ಬಹಳ ಹಿಡಿಸಿತು. ಯಾವ ಕಾರಣ ದೊಡ್ಡದೆಂಬ ತೀರ್ಪನ್ನು ನಾನು ಕೊಡುವುದಿಲ್ಲ. ತರಗತಿಗೆ ಮರಳಿದ ಮೇಲೆ ಈ ಚರ್ಚೆಯನ್ನೇ ಬರವಣಿಗೆಯ ಅಭ್ಯಾಸವಾಗಿ ಕೊಡಿ ಎಂದು ಶಿಕ್ಷಕರಿಗೆ ಸುಳಿವುಗಳ ಹಾಳೆಯನ್ನು ಕೊಟ್ಟು ಕಳುಹಿಸುತ್ತೇನೆ.