ವ್ಯಾನಿಗೆ ಬಾಲ ಕಟ್ಟಿದ ಕಥೆ

ಮಳೆಯಲ್ಲಿ ಓಡಿಸಿದಾಗಲೆಲ್ಲ ನನ್ನ ವ್ಯಾನಿನ ಹಿಂದಿನ ಗಾಜು ಕೆಸರಿನಿಂದ ಮುಚ್ಚಿಹೋಗುತ್ತಿತ್ತು. ಪಕ್ಕದ ಗಾಜುಗಳು ಅಷ್ಟು ಕೊಳೆಯಾಗುತ್ತಿರಲಿಲ್ಲ. ಚಕ್ರ ಎರಚಿದ ನೀರು ಹಿಂದೆ ಬೀಳುವುದು ಬಿಟ್ಟು ಗಾಡಿಯ ಬೆನ್ನಿಗೇ ಯಾಕೆ ಅಂಟಬೇಕು? ಚಪ್ಪಟೆ ಹಿಂಬದಿಯ ಅಂಚಿಗೆ ಬಂದ ಗಾಳಿ ತಟ್ಟನೆ ತಿರುಗಲಾರದು. ಮೈ ಬಿಟ್ಟು ಹೋಗುತ್ತದೆ. ಅಲ್ಲಿ ಒತ್ತಡ ಇಳಿದು ಸುಳಿ ಏಳುತ್ತದೆ. ಕೆಸರು ತರುವುದು ಆ ಸುಳಿ, ಗಾಡಿಯನ್ನು ಹಿಂದಕ್ಕೆ ಎಳೆಯುವುದು ಆ ಒತ್ತಡದ ಕೊರತೆ. ವೇಗ 50ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ.

ಗಾಳಿಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದರೆ ಸುಳಿ ಸಣ್ಣದಾದೀತು ಅಂತ ಪ್ಲಾಸ್ಟಿಕ್ ಶೀಟು ಕತ್ತರಿಸಿ, ಚಾವಣಿ ಮತ್ತು ಎರಡು ಪಕ್ಕಗಳಿಂದ ಒಳಕ್ಕೆ ಇಳಿಯುವ ಅರ್ಧ ಮೀಟರಿನ ಬಾಲ ಮಾಡಿದೆ. ದೀಪ, ನಂಬರ್ ಪ್ಲೇಟ್ ಮರೆಯಾಗದಂತೆ ನೋಡಿಕೊಂಡೆ. ಜಾಸ್ತಿ ಬಾಗಿಸಿದಷ್ಟೂ ಲಾಭ ಅಂತ 22 ಡಿಗ್ರಿ ಇಟ್ಟೆ. ಅಲ್ಲೇ ಎಡವಿದ್ದು.

ತಪ್ಪು ತೋರಿಸಿದ್ದು ಉಲ್ಲನ್ ದಾರ. ಬೆರಳುದ್ದದ ತುಂಡುಗಳನ್ನು ಬಾಲದ ತುಂಬ ಟೇಪಿನಿಂದ ಅಂಟಿಸಿದೆ. ಪಕ್ಕದ ಕಾರಿನಲ್ಲಿ ಕೂತ ಗೆಳೆಯ ವಿಡಿಯೋ ತೆಗೆದ. ಗಾಳಿ ಮೈಗೆ ಅಂಟಿ ಹರಿದರೆ ದಾರ ಹಿಂದಕ್ಕೆ ನೆಟ್ಟಗೆ ಮಲಗಬೇಕು. ಇಲ್ಲಿ ಕುಣಿಯುತ್ತಿದ್ದವು, ಕೆಲವು ಮುಂದಕ್ಕೇ ತಿರುಗಿದ್ದವು! ಬಾಲ ಸುಮ್ನೆ ಜೋತಾಡುತ್ತಿತ್ತು ಅಷ್ಟೇ.

ಎರಡನೇ ಸಲ 12 ಡಿಗ್ರಿ. ದಾರಗಳು ಮಲಗಿದವು, ಚಾವಣಿಯ ಒಂದು ಮೂಲೆ ಬಿಟ್ಟು. ಅಲ್ಲಿ ಜೋಡಣೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿದಿತ್ತು. ಟೇಪ್ ಹಾಕಿದ ಮೇಲೆ ಅವೂ ಸುಮ್ಮನಾದವು. ಬಾಲದ ಕೊನೆಯ ಅಂಚನ್ನು ಚೆಂದಕ್ಕೆ ಅಂತ ದುಂಡಗೆ ಮಾಡಬೇಡಿ, ಚೂಪಾಗಿರಲಿ. ಉದ್ದವೂ ಅತಿಯಾಗಬೇಕಿಲ್ಲ. ನೀರಹನಿಯಂತೆ ಸಣ್ಣಗಾಗುವ ಬಾಲವನ್ನು ನಡುವೆಯೇ ಕತ್ತರಿಸಿದರೂ ಲಾಭದ ದೊಡ್ಡ ಪಾಲು ಉಳಿಯುತ್ತದೆ ಅಂತ ಜರ್ಮನಿಯ ಎಂಜಿನಿಯರ್ ವುನಿಬಾಲ್ಡ್ ಕಾಮ್ 1930ರ ದಶಕದಲ್ಲೇ ತೋರಿಸಿದ್ದರು.

ಅಳೆಯಲು ಪೆಟ್ರೋಲ್ ಲೆಕ್ಕ ನಂಬಲಿಲ್ಲ. ಕಾಲಿನ ಒತ್ತು ದಿನಕ್ಕೊಂದು ಥರ, ಅಲ್ವಾ? ಗಾಳಿಯಿಲ್ಲದ ಬೆಳಗಿನ ಜಾವ, ಖಾಲಿ ಸಮತಟ್ಟು ರಸ್ತೆಯಲ್ಲಿ ಗೇರ್ ನ್ಯೂಟ್ರಲ್ ಮಾಡಿ, 90ರಿಂದ 70ಕ್ಕೆ ಇಳಿಯಲು ಎಷ್ಟು ಹೊತ್ತು ಅಂತ ನೋಡಿದೆ. ಎರಡೂ ದಿಕ್ಕಿಗೆ, ಹಲವು ಸಲ. ಬಾಲ ಬಿಚ್ಚಿದಾಗಲೂ ಅದನ್ನು ವ್ಯಾನಿನೊಳಗೇ ಇಟ್ಟುಕೊಂಡೆ, ತೂಕ ಬದಲಾಗಬಾರದಲ್ಲ. 22 ಡಿಗ್ರಿಯ ಬಾಲಕ್ಕೂ ಬಾಲವಿಲ್ಲದ್ದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. 12ರದ್ದು ಪ್ರತಿ ಸಲವೂ ಒಂದು ಸೆಕೆಂಡಿನಷ್ಟು ಜಾಸ್ತಿ ಹೊತ್ತು ಉರುಳಿತು.

ಗಾಜಿನ ಮೇಲೆ ಕೆಸರು ಈಗಲೂ ಕೂರುತ್ತದೆ. ಸುಳಿ ಸಣ್ಣದಾಗಿದೆ, ಹೋಗಿಲ್ಲ.