ಮ್ಯಾಪ್ ಫೈಲ್‌ನ ಬಾಲ ಹಿಡಿದು ಕ್ರ್ಯಾಶ್ ಹುಡುಕಿದೆ

ಸಿದ್ದಾಪುರ ಕಡೆಯ ರೊಬಸ್ಟಾ ತೋಟಗಳಿಗೆ ಪಂಪ್ ಕಂಟ್ರೋಲರ್ ಮಾಡಿಕೊಡುತ್ತೇನೆ. ಬೋರ್ಡ್‌ನಲ್ಲಿರುವುದು ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್, 64 ಕೆಬಿ ಫ್ಲ್ಯಾಶ್, 20 ಕೆಬಿ ರ್ಯಾಮ್. ಹೂವಿಗೆ ಸ್ಪ್ರಿಂಕ್ಲರ್ ಓಡಿಸುವ ಮಾರ್ಚ್‌ನಲ್ಲೇ ನಾಲ್ಕೈದು ಯೂನಿಟ್ ರಾತ್ರಿ ಹಾರ್ಡ್ ಫಾಲ್ಟ್ (ಚಿಪ್ ಮುಂದೆ ಓಡಲಾಗದ ದೋಷ) ಆಗಿ ನಿಂತವು. ನೀರು ಅರ್ಧಕ್ಕೆ ನಿಂತರೆ ತೋಟದವರು ಸುಮ್ನೆ ಬಿಡುತ್ತಾರಾ? ಮೂವತ್ತು ಸಾವಿರದ ಹತ್ತಿರ ದುಡ್ಡು ತಡೆಹಿಡಿದರು.

ಮೈಸೂರಿನ ಗೆಳೆಯರು ಚಿಪ್ ಓಡಿದ ಹೆಜ್ಜೆಗಳನ್ನು ದಾಖಲಿಸುವ ಟ್ರೇಸ್ ಡೀಬಗರ್ ತಗೋ ಅಂದರು. ಲಕ್ಷದ ಮೇಲೆ! ಕಾಫಿ ಗಿಡದ ಮಧ್ಯೆ ಅದನ್ನು ಎಲ್ಲಿ ಕೂರಿಸುವುದು? ಫಾಲ್ಟ್ ಹ್ಯಾಂಡ್ಲರ್‌ನಲ್ಲಿ ಪಿಸಿ (ಓಡುತ್ತಿದ್ದ ಕೋಡ್‌ನ ವಿಳಾಸ), ಎಲ್‌ಆರ್ (ವಾಪಸ್ ಹೋಗಬೇಕಾದ ವಿಳಾಸ), ಆರ್0 (ಮೊದಲ ಆರ್ಗ್ಯುಮೆಂಟ್ ಬರುವ ರಿಜಿಸ್ಟರ್), ಫಾಲ್ಟ್ ವಿಳಾಸ ಇಷ್ಟನ್ನು ಫ್ಲ್ಯಾಶ್‌ಗೆ ಬರೆಸಿ ಎಸ್‌ಎಂಎಸ್‌ನಲ್ಲಿ ತರಿಸಿಕೊಂಡೆ. ಯಾವ ವಿಳಾಸದಲ್ಲಿ ಯಾವ ಕೋಡ್ ಇದೆ ಅಂತ ಲಿಂಕರ್ ಬರೆಯುವ ಪಟ್ಟಿಯೇ ಮ್ಯಾಪ್ ಫೈಲ್, ಅದರಲ್ಲಿ ಹುಡುಕುವ ಲೆಕ್ಕ. "ಮ್ಯಾಪ್ ಫೈಲ್ ನೋಡಿ ಏನು ಕಿಸೀತೀಯ" ಅಂತ ನಕ್ಕರು.

ಮೊದಲು ಏನೂ ಸಿಗಲಿಲ್ಲ ನಿಜ. ಸ್ಟ್ಯಾಟಿಕ್ ಫಂಕ್ಷನ್‌ಗಳ ಹೆಸರು ಮ್ಯಾಪ್‌ನಲ್ಲಿ ಇರಲಿಲ್ಲ, ಬರೀ ಆಬ್ಜೆಕ್ಟ್ ಫೈಲ್. ಪ್ರತಿ ಫಂಕ್ಷನ್ ಹೆಸರೂ ಮ್ಯಾಪ್‌ಗೆ ಬರಲಿ ಅಂತ ಫಂಕ್ಷನ್-ಸೆಕ್ಷನ್ಸ್ ಆಯ್ಕೆ ಹಾಕಿ ಬಿಲ್ಡ್ ಮಾಡಿದರೆ ವಿಳಾಸಗಳೇ ಬದಲು. ಹೊಸ ಫರ್ಮ್‌ವೇರ್ ಹಾಕಲು ಮತ್ತೆ ತೋಟ ತೋಟ ಸುತ್ತಿದೆ. ಪೆಟ್ರೋಲ್‌ಗೇ ಎರಡು ಸಾವಿರದಷ್ಟು ಹೋಯಿತು.

ಈ ಸಲ ಪಿಸಿ ಬಿದ್ದದ್ದು 'ಸಮ್_ರಿಪ್ಲೈ.ಇಸ್ರಾ.0' ಒಳಗೆ. ಆರ್0 ತುಂಬಾ ಎಫ್‌ಗಳು. ಪಾಯಿಂಟರ್ ಕೆಟ್ಟಿದೆ ಅಂತ ಎಲ್ಲರೂ ಹೇಳಿದರು. ಸೋರ್ಸ್‌ನಲ್ಲಿ ಮೊದಲ ಆರ್ಗ್ಯುಮೆಂಟ್ ಸ್ಟ್ರಕ್ಟ್ ಪಾಯಿಂಟರೇ, ಅಲ್ವಾ? ಆದರೆ ಹೆಸರಿನ ಕೊನೆಗೆ ಇಸ್ರಾ (.isra) ಬಾಲ ಇದ್ದರೆ ಜಿಸಿಸಿ ಕಂಪೈಲರ್ ಆರ್ಗ್ಯುಮೆಂಟ್‌ಗಳನ್ನೇ ಬದಲಿಸಿರುತ್ತದೆ. ಇಲ್ಲಿ ಪಾಯಿಂಟರ್ ಕಿತ್ತು ಒಳಗಿನ ಫೀಲ್ಡ್‌ಗಳನ್ನೇ ನೇರ ಕಳಿಸಿತ್ತು. ಆರ್0ದಲ್ಲಿದ್ದದ್ದು ಉತ್ತರದ ಉದ್ದ, ಅದೂ ಮೈನಸ್ ಒಂದು (ಹೆಕ್ಸ್‌ನಲ್ಲಿ ಬರೀ ಎಫ್)! ಫಾಲ್ಟ್ ವಿಳಾಸ ಹೆಕ್ಸ್‌ನಲ್ಲಿ 20005000, ಸರಿಯಾಗಿ ರ್ಯಾಮ್ ಮುಗಿದ ಜಾಗ. ಸಿಗ್ನಲ್ ಹೋದಾಗ ಮೋಡೆಮ್‌ನ ಉತ್ತರ ತುಂಡಾಗುತ್ತಿತ್ತು, ಮೈನಸ್ ಒಂದನ್ನು ಭಾರೀ ಉದ್ದ ಅಂತ ತಿಳಿದು ಚೆಕ್‌ಸಮ್ ಲೂಪ್ ರ್ಯಾಮ್ ತುದಿ ದಾಟುವವರೆಗೂ ಓದುತ್ತಿತ್ತು. ಉದ್ದ ನೋಡುವ ಒಂದೇ ಸಾಲು ಸೇರಿಸಿದೆ, ಕ್ರ್ಯಾಶ್ ನಿಂತಿತು. ತಡೆದಿದ್ದ ದುಡ್ಡೂ ಬಂತು. ನಕ್ಕವರು ಈಗ ಅವರ ಮ್ಯಾಪ್ ಫೈಲ್ ನನಗೆ ಕಳಿಸುತ್ತಾರೆ.

ವಿಳಾಸ ಕೊಟ್ಟರೆ ಅಡ್ರ್-ಟು-ಲೈನ್ (addr2line) ಟೂಲ್ ಸೋರ್ಸ್‌ನ ಸಾಲು ತೋರಿಸುತ್ತದೆ, ಸರಿ. ರಿಜಿಸ್ಟರ್‌ನಲ್ಲಿ ಇರುವುದು ಏನು ಅಂತ ಹೇಳುವುದಿಲ್ಲ. ಕಾನ್ಸ್ಟ್‌ಪ್ರಾಪ್ (.constprop) ಬಾಲ ಇದ್ದರೆ, ಬೆಲೆ ಮೊದಲೇ ಗೊತ್ತಿರುವ ಒಂದು ಆರ್ಗ್ಯುಮೆಂಟ್ ಮಾಯವಾಗಿ ಮುಂದಿನವು ಹಿಂದಕ್ಕೆ ಸರಿದಿರಬಹುದು. ಪಾರ್ಟ್ (.part) ಬಾಲ ಇದ್ದರೆ ಫಂಕ್ಷನ್ ತುಂಡಾಗಿದೆ ಅಂತ, ಶುರುವಿನ ನಲ್ ಚೆಕ್ ಸಾಮಾನ್ಯವಾಗಿ ಅದನ್ನು ಕರೆದ ಫಂಕ್ಷನ್ ಒಳಗೇ ಮುಗಿದಿರುತ್ತದೆ. ಅಸರ್ಟ್ ತರಹದ, ವಾಪಸ್ ಬಾರದ ಫಂಕ್ಷನ್ ಕರೆದಿದ್ದರೆ ಎಲ್‌ಆರ್ ಪಕ್ಕದ ಫಂಕ್ಷನ್ ಹೆಸರನ್ನೇ ತೋರಿಸೀತು. ಎಲ್‌ಆರ್‌ನ ಕೊನೆಯ ಬಿಟ್ (ಥಂಬ್ ಬಿಟ್) ತೆಗೆದು ಇನ್ನೂ ಒಂದೆರಡು ಬೈಟ್ ಹಿಂದೆ ನೋಡಿ.

ಕುತೂಹಲಕ್ಕೆ ಹಳೇ ಕೋಡ್‌ನಲ್ಲಿ ಇಸ್ರಾ ಬಾಲ ಹುಟ್ಟಿಸುವ ಐಪಿಎ-ಎಸ್‌ಆರ್‌ಎ ಆಪ್ಟಿಮೈಸೇಷನ್ ಆಫ್ ಮಾಡಿದೆ. ಇನ್ನೂರು ಬೈಟ್ ಜಾಸ್ತಿ ಆಯಿತು, ಕ್ರ್ಯಾಶ್ ಹಾಗೇ ಇತ್ತು. ಆಪ್ಟಿಮೈಸೇಷನ್ ಇಲ್ಲದ ಓ0 ಬಿಲ್ಡ್ 64 ಕೆಬಿಗೆ ಹಿಡಿಸಲೇ ಇಲ್ಲ.

ಸ್ಟ್ಯಾಕ್‌ನ ಕಸದಿಂದ ಹಳೇ ರಿಟರ್ನ್ ವಿಳಾಸ ಹೆಕ್ಕುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಮಾತ್ರ ಕೇಳಬೇಡಿ, ಹೊಟ್ಟೆಪಾಡು.